ಗಾಳಿಯೋ, ನೀರೋ? ದುಬಾರಿ ಗೇಮಿಂಗ್ ಪಿಸಿ ಕಟ್ಟಿಸುವ ಮೊದಲು

ಎರಡು ಲಕ್ಷ ದಾಟುವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲು ಹೊರಟವರೆಲ್ಲ ಕೇಳುವ ಪ್ರಶ್ನೆ ಒಂದೇ: "ವಾಟರ್ ಕೂಲಿಂಗ್ ಹಾಕಿಸ್ಲಾ?" ಅಂಗಡಿಯವರು ಹೂಂ ಅಂದು, ಮೂರು ಫ್ಯಾನಿನ ಎಐಒ (ಪಂಪ್, ಕೊಳವೆ, ನೀರಿನ ಬಿಸಿ ಹೊರಬಿಡುವ ರೇಡಿಯೇಟರ್ ಎಲ್ಲ ಜೋಡಿಸಿ, ನೀರು ತುಂಬಿಸಿಯೇ ಬರುವ ಸಿದ್ಧ ಕೂಲರ್) ಒಂದನ್ನು ಸಿಪಿಯು ಮೇಲೆ ಕೂರಿಸಿ ಕಳಿಸುತ್ತಾರೆ. ಗಾಜಿನ ಹಿಂದೆ ಬಣ್ಣದ ದೀಪ ಉರಿಯುತ್ತದೆ, ನೋಡಲು ಚೆಂದವೇ. ಆದರೆ ಬಿಸಿ ಹುಟ್ಟುವ ಜಾಗ ಒಂದು ಕಡೆ, ನೀರು ಹರಿಯುವ ಜಾಗ ಇನ್ನೊಂದು ಕಡೆ ಆಗಿರುತ್ತದೆ.

ಲೆಕ್ಕ ನೋಡಿ. 2025ರ ಜನವರಿಯಲ್ಲಿ ಮಾರಾಟಕ್ಕೆ ಬಂದ ಎನ್ವಿಡಿಯಾ ಆರ್‌ಟಿಎಕ್ಸ್ 5090 ಕಾರ್ಡಿನ ವಿದ್ಯುತ್ ಮಿತಿ 575 ವ್ಯಾಟ್. ಅದರ ಹಿಂದಿನ 4090 ಕಾರ್ಡಿನದು 450. ಆಟಕ್ಕೆಂದೇ ಜನ ಹುಡುಕಿ ಕೊಳ್ಳುವ ಎಎಂಡಿ ರೈಜೆನ್ 7 9800ಎಕ್ಸ್3ಡಿ ಚಿಪ್‌ನದು 120 ವ್ಯಾಟ್. ಅದೂ ಆಟ ಓಡುವಾಗ ಸಾಮಾನ್ಯವಾಗಿ 100ರ ಒಳಗೇ ಇರುತ್ತದೆ. ಎಳೆದ ಕರೆಂಟೆಲ್ಲ ಕೊನೆಗೆ ಬಿಸಿಯಾಗುತ್ತದೆ. ಅಂದರೆ ಹೆಚ್ಚುಕಡಿಮೆ ಆರು ಪಾಲು ಬಿಸಿ ಕಾರ್ಡಿನದು, ಒಂದು ಪಾಲು ಸಿಪಿಯುನದು. ನೀರು ಬೇಕೇ ಬೇಕು ಅಂತಾದರೆ ಅದು ಮೊದಲು ಬೇಕಿರುವುದು ಕಾರ್ಡಿಗೆ. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದೆ ಹೇಳುವ ನಾಲ್ಕು ದಾರಿಗಳಲ್ಲಿ ಆಯ್ಕೆ ಅರ್ಧ ಸಲೀಸು.

ನೀರಿನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಫ್ರೇಮ್ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳು) ಜಾಸ್ತಿ ಸಿಗುತ್ತದೆ ಅಂದುಕೊಂಡಿದ್ದರೆ ಆಸೆ ಬಿಡಿ. ಎನ್ವಿಡಿಯಾ ಕಾರ್ಡುಗಳು ಬಿಸಿಯಾದಂತೆ ಕ್ಲಾಕ್ ವೇಗವನ್ನು (ಚಿಪ್ ಕೆಲಸ ಮಾಡುವ ವೇಗ) ಸಣ್ಣ ಸಣ್ಣ ಮೆಟ್ಟಿಲಲ್ಲಿ ಇಳಿಸುತ್ತವೆ, ನಿಜ. ನೀರು ಹಾಕಿದರೆ ಆ ಇಳಿತ ತಪ್ಪುತ್ತದೆ. ಆದರೆ ಅದರಿಂದ ಸಿಗುವುದು ಶೇಕಡಾ ಎರಡೋ ಮೂರೋ. ಆಟ ಆಡುವಾಗ ಕಣ್ಣಿಗೆ ಅದು ಗೊತ್ತೂ ಆಗುವುದಿಲ್ಲ.

ನಿಜವಾಗಿ ಸಿಗುವುದು ನಿಶ್ಶಬ್ದ. ಬಿಸಿ ಹೊರಹಾಕುವ ಮೇಲ್ಮೈ ದೊಡ್ಡದಾದಷ್ಟೂ ಫ್ಯಾನ್ ನಿಧಾನವಾಗಿ ತಿರುಗಿದರೆ ಸಾಕು. ಕಾರ್ಡಿನ ಮೇಲಿನ ಮೂರು ಚಿಕ್ಕ ಫ್ಯಾನ್‌ಗಳು ಜೋರಾಗಿ ತಿರುಗಿ ಮಾಡುವ ಕೆಲಸವನ್ನು ರೇಡಿಯೇಟರ್ ಮೇಲಿನ ಆರು ದೊಡ್ಡ ಫ್ಯಾನ್‌ಗಳು 700–800 ಆರ್‌ಪಿಎಂನಲ್ಲಿ ಮಾಡುತ್ತವೆ. ಹೆಡ್‌ಫೋನ್ ಹಾಕಿಕೊಂಡೇ ಆಡುವವರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ. ಕೇಳಿಸದ ಸದ್ದನ್ನು ತಗ್ಗಿಸಲು ಲಕ್ಷ ರೂಪಾಯಿ ಯಾಕೆ ಸುರಿಯಬೇಕು, ಅಲ್ವಾ?

ಇನ್ನೊಂದು ತಪ್ಪು ತಿಳಿವಳಿಕೆ: ನೀರಿದ್ದರೆ ಕೋಣೆ ತಣ್ಣಗಿರುತ್ತದೆ ಅನ್ನುವುದು. ಇಲ್ಲ. ಮಾನಿಟರ್ ಸಮೇತ 800 ವ್ಯಾಟ್ ಎಳೆಯುವ ಪಿಸಿ, ಕೂಲರ್ ಯಾವುದೇ ಇರಲಿ, ಆ 800 ವ್ಯಾಟನ್ನೂ ಕೋಣೆಗೇ ಬಿಡುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನು ಆರಿಸದೆ ಮೂಲೆಯಲ್ಲಿ ಇಟ್ಟ ಹಾಗೆ. ಒಂದು ಟನ್ ಎಸಿ ಹೊರಹಾಕುವುದು ಸುಮಾರು 3,500 ವ್ಯಾಟ್ ಬಿಸಿ; ಅದರಲ್ಲಿ ಕಾಲು ಭಾಗವನ್ನು ನಿಮ್ಮ ಪಿಸಿಯೇ ತಿಂದುಹಾಕುತ್ತದೆ. ದಿನಕ್ಕೆ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ 96 ಯೂನಿಟ್ ಕರೆಂಟ್. ಮನೆಗೆ ಗೃಹಜ್ಯೋತಿ ಬರುತ್ತಿದ್ದರೆ, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಬರುತ್ತದೆ ಅನ್ನುವುದನ್ನು ಅಪ್ಪ ಅಮ್ಮನಿಗೆ ಮೊದಲೇ ಹೇಳಿಬಿಡಿ.

ಮೊದಲ ದಾರಿ: ಎಲ್ಲವೂ ಗಾಳಿ

ಇದನ್ನು ಬಡವರ ಆಯ್ಕೆ ಅಂತ ತಳ್ಳಿಹಾಕುವವರು ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. 9800ಎಕ್ಸ್3ಡಿ ತರಹದ ಚಿಪ್‌ಗೆ ಥರ್ಮಲ್‌ರೈಟ್‌ನ ಫ್ಯಾಂಟಮ್ ಸ್ಪಿರಿಟ್ ಥರದ ಎರಡು ಗೋಪುರದ ಕೂಲರ್ ಧಾರಾಳ ಸಾಕು. ಬೆಲೆ ನಾಲ್ಕೈದು ಸಾವಿರದ ಆಸುಪಾಸು. ಈ ಚಿಪ್‌ಗಳಲ್ಲಿ ಬಿಸಿಯೆಲ್ಲ ಬೆರಳ ತುದಿಯಷ್ಟು ಜಾಗದಲ್ಲಿ ಹುಟ್ಟುತ್ತದೆ. ಅದು ಮೇಲಿನ ಲೋಹದ ಮುಚ್ಚಳ ದಾಟಿ ಬರುವುದೇ ನಿಧಾನ. ಮುಚ್ಚಳದ ಮೇಲೆ ಎಂಥ ಕೂಲರ್ ಕೂರಿಸಿದರೂ ಆ ನಿಧಾನ ಹೋಗುವುದಿಲ್ಲ. ಅದಕ್ಕೇ ಗಾಳಿ ಕೂಲರ್ ತೆಗೆದು ನಾಲ್ಕು ಪಟ್ಟು ಬೆಲೆಯ ಎಐಒ ಹಾಕಿದವರಿಗೂ ಆಟದಲ್ಲಿ ಕೆಲವೇ ಡಿಗ್ರಿ ವ್ಯತ್ಯಾಸ ಕಾಣುತ್ತದೆ.

ಗಾಳಿ ಕೂಲರ್‌ನಲ್ಲಿ ಕೆಡುವುದು ಫ್ಯಾನ್ ಒಂದೇ. ಕೆಟ್ಟರೆ ಹೊಸ ಫ್ಯಾನ್ ಸಿಕ್ಕಿಸಿದರೆ ಆಯಿತು. ಪಂಪ್ ಇಲ್ಲ, ಸೋರುವ ಭಯ ಇಲ್ಲ. ಜೊತೆಗೆ ಅದರ ಗಾಳಿ ಪಕ್ಕದ ರ‍್ಯಾಮ್ ಮೇಲೂ ಮದರ್‌ಬೋರ್ಡಿನ ವಿಆರ್‌ಎಂ (ಸಿಪಿಯುಗೆ ಕರೆಂಟ್ ಹದಮಾಡಿ ಕೊಡುವ ಭಾಗ) ಮೇಲೂ ಹಾದುಹೋಗುತ್ತದೆ. ನೀರಿನ ಬ್ಲಾಕ್ (ಚಿಪ್ ಮೇಲೆ ಕೂತು ಬಿಸಿಯನ್ನು ನೀರಿಗೆ ದಾಟಿಸುವ ಲೋಹದ ತುಂಡು) ಹಾಕಿದವರು ಈ ಎರಡಕ್ಕೆ ಬೇರೆ ಗಾಳಿ ಒದಗಿಸಬೇಕು.

ತೊಂದರೆ ಬರುವುದು 5090ರಿಂದ. ಅದರ 575 ವ್ಯಾಟ್ ಬಿಸಿಗಾಳಿ ಕೇಸಿನೊಳಗೇ ಸುತ್ತಿ, ಮೇಲಿರುವ ಸಿಪಿಯು ಕೂಲರ್ ಅದನ್ನೇ ಎಳೆದುಕೊಳ್ಳುತ್ತದೆ. ಎನ್ವಿಡಿಯಾದ ಸ್ವಂತ ಫೌಂಡರ್ಸ್ ಎಡಿಷನ್ ಅಂತೂ ಗಾಳಿಯನ್ನು ಆರಪಾರ ದಾಟಿಸಿ ನೇರವಾಗಿ ಮೇಲಕ್ಕೇ ಊದುತ್ತದೆ. ಆದ್ದರಿಂದ ಈ ದಾರಿಯಲ್ಲಿ ಹಣ ಹಾಕಬೇಕಾದ್ದು ಕೇಸಿಗೆ: ಮುಂಭಾಗ ಪೂರ್ತಿ ಜಾಲರಿ ಇರುವ, ದೊಡ್ಡ ಫ್ಯಾನಿನ ಕೇಸು. ಫ್ರಾಕ್ಟಲ್ ಡಿಸೈನ್ ಟೊರೆಂಟ್‌ನಲ್ಲಿ ಮುಂದೆ 180 ಎಂಎಂನ ಎರಡು ಫ್ಯಾನ್ ಬರುತ್ತವೆ, ಅಂಥದ್ದು.

ಎರಡನೇ ದಾರಿ: ಸಿಪಿಯುಗೆ ಎಐಒ, ಕಾರ್ಡಿಗೆ ಗಾಳಿ

ಅಂಗಡಿಗಳಲ್ಲಿ ಅತಿ ಹೆಚ್ಚು ಹೋಗುವುದು ಇದೇ. ನನ್ನ ಪ್ರಕಾರ, ಬರೀ ಆಟಕ್ಕೆ ಅಂತಾದರೆ, ನಾಲ್ಕರಲ್ಲಿ ಕಡಿಮೆ ಅರ್ಥವಿರುವುದೂ ಇದೇ. ಒಂದು ಪಾಲು ಬಿಸಿಗೆ ನೀರು, ಆರು ಪಾಲಿಗೆ ಗಾಳಿ!

ಆದರೂ ಇದು ಬೇಕಾಗುವ ಸಂದರ್ಭಗಳಿವೆ. ವಿಡಿಯೊ ಎಡಿಟಿಂಗ್, ರೆಂಡರಿಂಗ್, ಕೋಡ್ ಕಂಪೈಲ್ ಮಾಡುವವರು 170 ವ್ಯಾಟ್‌ನ ರೈಜೆನ್ 9 9950ಎಕ್ಸ್3ಡಿ ತಗೊಂಡರೆ, ಅಥವಾ ಗರಿಷ್ಠ 250 ವ್ಯಾಟ್‌ಗೆ ಏರುವ ಇಂಟೆಲ್ ಕೋರ್ ಅಲ್ಟ್ರಾ 9 285ಕೆ ತಗೊಂಡರೆ, 360 ಎಂಎಂ (120 ಎಂಎಂನ ಮೂರು ಫ್ಯಾನ್ ಉದ್ದ) ಎಐಒಗೆ ಕೆಲಸ ಇದೆ. ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ 3 ನೋಡಬಹುದು. ಅದರ ರೇಡಿಯೇಟರ್ 38 ಎಂಎಂ ದಪ್ಪ, ಬೇರೆಯವು ಸಾಮಾನ್ಯವಾಗಿ 27. ಫ್ಯಾನಿನ 25 ಎಂಎಂ ಸೇರಿಸಿ ಕೇಸಿನ ಮೇಲ್ಭಾಗದಲ್ಲಿ ಜಾಗ ಉಂಟಾ ಅಂತ ಅಳತೆ ಹಾಕಿಯೇ ತಗೊಳ್ಳಿ. ಪಂಪಿನ ಮೇಲೆ ಪುಟ್ಟ ಪರದೆ ಇರುವ ಮಾಡೆಲ್‌ಗಳಿಗೆ ಎಂಟತ್ತು ಸಾವಿರ ಜಾಸ್ತಿ ಕೊಡುವುದು ನಿಮ್ಮಿಷ್ಟ. ತಾಪಮಾನ ನೋಡಲು ಮಾನಿಟರ್ ಇದ್ದೇ ಇದೆ.

ಎಐಒ ಕೂರಿಸುವಾಗ ಒಂದೇ ನಿಯಮ: ಪಂಪ್ ಇಡೀ ಸುತ್ತಿನ ಅತಿ ಎತ್ತರದ ಜಾಗದಲ್ಲಿ ಇರಬಾರದು. ಒಳಗಿನ ಗಾಳಿ ಮೇಲಕ್ಕೇರಿ ಪಂಪಿನಲ್ಲಿ ಸೇರಿಕೊಂಡರೆ ಗರಗರ ಸದ್ದು ಶುರು, ಪಂಪಿನ ಆಯಸ್ಸೂ ಕಡಿಮೆ. ಕೇಸಿನ ಮೇಲ್ಭಾಗಕ್ಕೆ ರೇಡಿಯೇಟರ್ ಹಾಕಿದರೆ ಈ ತಲೆನೋವೇ ಇಲ್ಲ. ರಬ್ಬರ್ ಕೊಳವೆಯ ಮೂಲಕ ನೀರು ವರ್ಷ ವರ್ಷ ತುಸು ಆವಿಯಾಗಿ ಹೋಗುತ್ತಲೇ ಇರುತ್ತದೆ. ಐದಾರು ವರ್ಷದ ವಾರಂಟಿ ಮುಗಿದ ಮೇಲೆ ಬದಲಿಸುವ ಸಾಮಾನು ಅಂತಲೇ ಎಐಒ ಲೆಕ್ಕ ಹಾಕಿ.

ಮೂರನೇ ದಾರಿ: ಕಾರ್ಡಿಗೆ ನೀರು, ಸಿಪಿಯುಗೆ ಗಾಳಿ

ಇದನ್ನು ಯಾರೂ ಸುಲಭಕ್ಕೆ ಹೇಳಿಕೊಡುವುದಿಲ್ಲ. ನಾನಾದರೆ ಇದನ್ನೇ ಆರಿಸುತ್ತೇನೆ.

ಕಾರ್ಖಾನೆಯಲ್ಲೇ ನೀರು ತುಂಬಿ, ರೇಡಿಯೇಟರ್ ಜೋಡಿಸಿ ಬರುವ 5090 ಕಾರ್ಡುಗಳಿವೆ. ಎಂಎಸ್‌ಐನ ಸುಪ್ರಿಮ್ ಲಿಕ್ವಿಡ್, ಗಿಗಾಬೈಟ್‌ನ ಅರಸ್ ಎಕ್ಸ್‌ಟ್ರೀಮ್ ವಾಟರ್‌ಫೋರ್ಸ್ ಎರಡಕ್ಕೂ 360 ಎಂಎಂ ರೇಡಿಯೇಟರ್. ಅದನ್ನು ಕೇಸಿನ ಮೇಲ್ಭಾಗದಲ್ಲಿ ಹೊರಗೆ ಊದುವ ಹಾಗೆ ಹಾಕಿದರೆ ಕಾರ್ಡಿನ ಬಿಸಿಯ ಬಹುಪಾಲು ನೇರ ಕೇಸಿನ ಹೊರಗೆ. ಸಿಪಿಯು ಮೇಲಿನ ನಾಲ್ಕೈದು ಸಾವಿರದ ಗಾಳಿ ಕೂಲರ್‌ಗೆ ಮುಂಭಾಗದಿಂದ ತಾಜಾ ಗಾಳಿ ಸಿಗುತ್ತದೆ. ಎರಡೂ ತಣ್ಣಗೆ, ಎರಡೂ ಮೆಲ್ಲಗೆ. ಕಾರ್ಡಿನ ವಾರಂಟಿಗೆ ಧಕ್ಕೆ ಇಲ್ಲ, ನೀವು ಒಂದು ಹನಿ ನೀರನ್ನೂ ಮುಟ್ಟುವುದಿಲ್ಲ.

ಕೊರತೆ ಇಲ್ಲ ಅಂತಲ್ಲ. ಬೆಲೆ ಗಾಳಿ ಕಾರ್ಡಿಗಿಂತ ಜಾಸ್ತಿ, ಎಲ್ಲ ಸಮಯದಲ್ಲೂ ಸಿಗುವುದಿಲ್ಲ. ಕೊಳವೆ ಎಷ್ಟು ಉದ್ದ ಬರುತ್ತದೋ ಅಷ್ಟೇ ದೂರಕ್ಕೆ ರೇಡಿಯೇಟರ್ ಇಡಬೇಕು. ಕಾರ್ಡಿನ ಪಂಪ್ ಕೆಟ್ಟರೆ ಸಿಪಿಯು ಎಐಒ ಥರ ಬೇರೆ ತಂದು ಹಾಕಲಾಗದು, ಇಡೀ ಕಾರ್ಡೇ ಸರ್ವಿಸ್‌ಗೆ ಹೋಗಬೇಕು. ಅದಕ್ಕೇ ಇಂಥ ಕಾರ್ಡ್ ಕೊಳ್ಳುವಾಗ ಐನೂರು ರೂಪಾಯಿ ಕಡಿಮೆಗೆ ಸಿಕ್ಕಿತು ಅಂತ ಬಿಲ್ ಇಲ್ಲದೆ ತರಬೇಡಿ.

ನಾಲ್ಕನೇ ದಾರಿ: ಕಸ್ಟಮ್ ಲೂಪ್

ಎಲ್ಲರ ಕನಸು ಇದು. ಸಿಪಿಯುಗೊಂದು ಬ್ಲಾಕ್, ಕಾರ್ಡಿಗೊಂದು ಬ್ಲಾಕ್, ಎರಡು ರೇಡಿಯೇಟರ್, ಪಂಪ್ ಮತ್ತು ನೀರಿನ ತೊಟ್ಟಿ, ಇವೆಲ್ಲದರ ನಡುವೆ ಕೊಳವೆ. ಸರಿಯಾಗಿ ಕಟ್ಟಿದರೆ ಇದರಷ್ಟು ತಣ್ಣಗಿರುವುದೂ, ಇದರಷ್ಟು ಮೌನವಾಗಿರುವುದೂ ಬೇರೆ ಇಲ್ಲ. ಮೂರು-ನಾಲ್ಕು ಸ್ಲಾಟ್‌ನಷ್ಟು ಜಾಗ ನುಂಗುವ ದಪ್ಪ 5090 ಕಾರ್ಡೂ ಬ್ಲಾಕ್ ಹಾಕಿದ ಮೇಲೆ ತೆಳ್ಳಗಾಗಿ ಕೂರುತ್ತದೆ.

ಗಾತ್ರದ ಲೆಕ್ಕ ಹೀಗೆ: ಪ್ರತಿ 100 ವ್ಯಾಟ್‌ಗೆ 120 ಎಂಎಂ ರೇಡಿಯೇಟರ್ ಅಂತ ಕಟ್ಟುವವರೆಲ್ಲ ಹಿಡಿಯುವ ಅಂದಾಜು. ಕಾರ್ಡ್, ಸಿಪಿಯು ಸೇರಿ 675 ವ್ಯಾಟ್ ಅಂದರೆ ಈ ಲೆಕ್ಕಕ್ಕೆ 360 ಎಂಎಂನ ಎರಡು ತುಸು ಕಡಿಮೆಯೇ; ಅದನ್ನು ಕನಿಷ್ಠ ಅಂತಿಟ್ಟುಕೊಳ್ಳಿ, ಮೂರಿದ್ದರೆ ಫ್ಯಾನ್ ಇನ್ನೂ ನಿಧಾನ. ನೀರು ಎಂದೂ ಕೋಣೆಗಿಂತ ತಣ್ಣಗಾಗುವುದಿಲ್ಲ. ಒಳ್ಳೆಯ ಲೂಪಿನಲ್ಲಿ ನೀರು ಕೋಣೆಗಿಂತ 10 ಡಿಗ್ರಿ ಬೆಚ್ಚಗಿರುತ್ತದೆ. ಬೆಂಗಳೂರಿನ ಡಿಸೆಂಬರ್‌ನಲ್ಲಿ ಅದು 35 ಆದರೆ, ರಾಯಚೂರಿನ ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆಯಲ್ಲಿ 50ರ ಹತ್ತಿರ. ಪಂಪುಗಳಿಗೆ ಸಾಮಾನ್ಯವಾಗಿ ಹೇಳಿರುವ ಮಿತಿ 60 ಡಿಗ್ರಿ. ಹಾಗಾಗಿ ಹೊರದೇಶದ ವಿಡಿಯೊ ನೋಡಿ ಒಂದೇ ರೇಡಿಯೇಟರ್ ಸಾಕು ಅಂತ ತೀರ್ಮಾನಿಸಬೇಡಿ. ಅವರ ಕೋಣೆ 21 ಡಿಗ್ರಿ ಇರುತ್ತದೆ. ಮಂಗಳೂರು ಕಡೆಯವರು ಕೇಳುವ ಪ್ರಶ್ನೆ ಬೇರೆ: ಸೆಖೆಗೆ ಕೊಳವೆ ಬೆವರಿ ನೀರು ತೊಟ್ಟಿಕ್ಕುವುದಿಲ್ಲವೇ? ಇಲ್ಲ. ಕೋಣೆಗಿಂತ ಬೆಚ್ಚಗಿರುವ ಕೊಳವೆ ಬೆವರುವುದಿಲ್ಲ.

ಮೊದಲು ಸಿಪಿಯುಗೆ ನೀರು ಹೋಗಬೇಕೋ, ಕಾರ್ಡಿಗೋ ಅಂತ ತಲೆ ಕೆಡಿಸಿಕೊಳ್ಳುವವರಿದ್ದಾರೆ. ನಿಮಿಷಕ್ಕೆ 3 ಲೀಟರ್ ಹರಿದರೆ 700 ವ್ಯಾಟ್ ಬಿಸಿಗೆ ಒಂದು ಸುತ್ತಿನಲ್ಲಿ ನೀರು ಏರುವುದು 3 ಡಿಗ್ರಿ ಚಿಲ್ಲರೆ ಅಷ್ಟೇ. ಕೊಳವೆ ಎಲ್ಲಿ ಚಿಕ್ಕದಾಗಿ, ಚೆಂದವಾಗಿ ಕೂರುತ್ತದೋ ಆ ಕ್ರಮವೇ ಸರಿ. ತೊಟ್ಟಿಯ ನೀರು ನೇರ ಪಂಪಿಗೆ ಇಳಿಯಬೇಕು, ಅದೊಂದೇ ಕಡ್ಡಾಯ.

ಕೊಳವೆಯಲ್ಲಿ ಗಟ್ಟಿ, ಮೆತ್ತಗೆ ಅಂತ ಎರಡು ಜಾತಿ. ಫೋಟೊದಲ್ಲಿ ಮಿಂಚುವುದು ಗಟ್ಟಿ. ಅದರಲ್ಲಿ ಪಿಇಟಿಜಿ ಪ್ಲಾಸ್ಟಿಕ್ ಬಗ್ಗಿಸಲು ಸುಲಭ, ಆದರೆ ನೀರು 60ರ ಹತ್ತಿರ ಹೋದರೆ ಮೆತ್ತಗಾಗಿ ಫಿಟಿಂಗ್‌ನಿಂದ ಜಾರುವ ಅಪಾಯ. ಅಕ್ರಿಲಿಕ್ ಬಿಸಿ ತಡೆಯುತ್ತದೆ, ಕತ್ತರಿಸುವಾಗ ಬಿರುಕು ಬಿಡುತ್ತದೆ. ಮೆತ್ತನೆಯದರಲ್ಲಿ ಪಾರದರ್ಶಕ ಪಿವಿಸಿ ಕಾಲಕ್ರಮೇಣ ಮಸುಕಾಗುತ್ತದೆ. ಅದರಿಂದ ಬಿಡುವ ಜಿಡ್ಡು ಬ್ಲಾಕಿನೊಳಗೆ ನೀರು ಹರಿಯುವ ಸಣ್ಣ ಸಣ್ಣ ಗೀರುಗಳಲ್ಲಿ ಕೂರುತ್ತದೆ. ಕಪ್ಪು ಇಪಿಡಿಎಂ ರಬ್ಬರ್ ಕೊಳವೆಗೆ ಅಂದ ಕಡಿಮೆ, ಗೋಳೂ ಕಡಿಮೆ. ಮೊದಲ ಲೂಪ್ ಅದರಲ್ಲೇ ಕಟ್ಟಿ.

ಇನ್ನು ನೀರು. ಬೋರ್‌ವೆಲ್ ನೀರು ಕೆಟಲ್‌ನ ತಳದಲ್ಲಿ ಬಿಡುವ ಬಿಳಿ ಪದರ ನೋಡಿದ್ದೀರಲ್ಲ, ಅದೇ ಪದರ ಕೂದಲೆಳೆಯಷ್ಟು ತೆಳುವಾದ ಆ ಗೀರುಗಳಲ್ಲಿ ಕಟ್ಟಿದರೆ ಮುಗಿಯಿತು. ಆರ್‌ಓ ನೀರಿನಲ್ಲೂ ಲವಣ ಉಳಿದಿರುತ್ತದೆ. ಬ್ಯಾಟರಿ ನೀರು ಅಂತ ಕ್ಯಾನಿನಲ್ಲಿ ಮಾರುವುದೆಲ್ಲ ಒಂದೇ ಗುಣಮಟ್ಟದ್ದಲ್ಲ. ಪಿಸಿಗೆಂದೇ ಬರುವ ಸಿದ್ಧ ಕೂಲಂಟ್ ತಗೊಳ್ಳಿ, ಅದೂ ಬಣ್ಣವಿಲ್ಲದ್ದು. ಹಾಲಿನಂತೆ ಗಟ್ಟಿ ಬಣ್ಣದ ಕೂಲಂಟ್‌ಗಳ ಬಣ್ಣ ಕೆಳಗೆ ಕೂರುತ್ತದೆ. ರೇಡಿಯೇಟರ್ ತಾಮ್ರದ್ದೋ ಅಲ್ಯೂಮಿನಿಯಂದ್ದೋ ನೋಡಿಕೊಳ್ಳಿ. ಬ್ಲಾಕ್ ತಾಮ್ರ, ರೇಡಿಯೇಟರ್ ಅಲ್ಯೂಮಿನಿಯಂ ಆದರೆ ಎರಡರ ನಡುವೆ ನೀರಿನಲ್ಲೇ ಸವಕಳಿ ಶುರುವಾಗುತ್ತದೆ. ಕಂಪನಿ ಎಐಒಗಳಲ್ಲಿ ಎರಡೂ ಲೋಹ ಇರುತ್ತವೆ. ಅದನ್ನು ತಡೆಯುವ ರಾಸಾಯನಿಕ ಸೇರಿಸಿಯೇ ಮುಚ್ಚಿರುತ್ತಾರೆ.

ಕೈ ನಡುಗುವ ಘಳಿಗೆ ನೀರು ತುಂಬುವುದು. ಫಿಟಿಂಗ್‌ಗಳನ್ನೆಲ್ಲ ಬಿಗಿ ಮಾಡಿದ ಮೇಲೆ ಗಾಳಿ ಒತ್ತಡದ ಪುಟ್ಟ ಪಂಪ್‌ನಿಂದ ಅರ್ಧ ಬಾರ್ ಒತ್ತಡ ಹಾಕಿ ಬಿಡುತ್ತಾರೆ. ಮುಳ್ಳು ಅರ್ಧ ಗಂಟೆ ಅಲುಗದಿದ್ದರೆ ಸೋರಿಕೆ ಇಲ್ಲ. ಆಮೇಲೆ ಮದರ್‌ಬೋರ್ಡ್, ಕಾರ್ಡ್ ಎರಡರ ಕರೆಂಟ್ ವಯರ್ ಬಿಚ್ಚಿ, ಪವರ್ ಸಪ್ಲೈಯಿಂದ ಪಂಪಿಗೆ ಮಾತ್ರ ಕರೆಂಟ್. ಪ್ರತಿ ಫಿಟಿಂಗ್ ಕೆಳಗೆ ಟಿಶ್ಯೂ ಕಾಗದ. ತೊಟ್ಟಿ ತುಂಬಿಸು, ಪಂಪ್ ಎರಡು ಸೆಕೆಂಡ್ ಹಾಕು, ತೊಟ್ಟಿ ಖಾಲಿಯಾಗುವ ಮೊದಲೇ ಆರಿಸು, ಮತ್ತೆ ತುಂಬಿಸು. ಪಂಪ್ ಬರಿದಾಗಿ ತಿರುಗಿದರೆ ಹಾಳಾಗುತ್ತದೆ. ನೀರು ಎಲ್ಲ ಕಡೆ ತಲುಪಿದ ಮೇಲೆ ಇಡೀ ಕೇಸನ್ನು ಆ ಕಡೆ ಈ ಕಡೆ ವಾಲಿಸಬೇಕು. ರೇಡಿಯೇಟರ್ ಒಳಗಿನಿಂದ ಗುಳುಗುಳು ಅಂತ ಗುಳ್ಳೆ ಏಳುತ್ತವೆ. ಕೇಸಿನ ತೂಕ ಇಪ್ಪತ್ತು ಕಿಲೋ ದಾಟಿರುತ್ತದೆ. ಹಿಡಿಯಲು ಇನ್ನೊಬ್ಬರು ಬೇಕೇ ಬೇಕು.

ಈಗ ದುಡ್ಡಿನ ಮಾತು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕಂಪ್ಯೂಟರಿಗೆ ಸಂಬಂಧಪಟ್ಟದ್ದು ಸಿಗದೇ ಇರುವುದು ಕಡಿಮೆ. ಆದರೆ ಲೂಪಿನ ಸಣ್ಣ ಸಾಮಾನುಗಳನ್ನು ಎಲ್ಲ ಅಂಗಡಿಯವರೂ ಇಟ್ಟಿರುವುದಿಲ್ಲ. ಫಿಟಿಂಗ್ ಎಣಿಸಿ: ಸಿಪಿಯುಗೆ 2, ಕಾರ್ಡಿಗೆ 2, ಎರಡು ರೇಡಿಯೇಟರಿಗೆ 4, ಪಂಪ್–ತೊಟ್ಟಿಗೆ 2. ಹತ್ತಾಯಿತು. ನೀರು ಬಸಿಯಲು ಒಂದು ನಲ್ಲಿ, ತಿರುವುಗಳಿಗೆ ನಾಲ್ಕಾರು ಮೂಲೆ ಫಿಟಿಂಗ್. ಒಂದು ಕಡಿಮೆ ಬಿದ್ದರೂ ಪಾರ್ಸೆಲ್ ಬರುವ ತನಕ ಕೆಲಸ ನಿಲ್ಲುತ್ತದೆ. ಅದಕ್ಕೆ ಎರಡು ಜಾಸ್ತಿಯೇ ತರಿಸಿ. ಎಲ್ಲ ಸೇರಿ ಕಾರ್ಡ್, ಸಿಪಿಯು ಬಿಟ್ಟು ಬರೀ ಕೂಲಿಂಗ್‌ಗೇ ಲಕ್ಷದ ಆಸುಪಾಸು ಹೋಗುತ್ತದೆ. ಅದರಲ್ಲಿ ಕಾರ್ಡಿನ ಬ್ಲಾಕ್ ಮುಂದಿನ ಕಾರ್ಡಿಗೆ ಬರುವುದಿಲ್ಲ. ಒಂದೇ 5090 ಆದರೂ ಕಂಪನಿಗೊಂದು ಬೋರ್ಡ್ ವಿನ್ಯಾಸ, ಒಂದೊಂದಕ್ಕೂ ಬೇರೆ ಬ್ಲಾಕ್. ಮೊದಲು ಬ್ಲಾಕ್ ಸಿಗುವುದು ಖಚಿತ ಮಾಡಿಕೊಂಡು ಆಮೇಲೆ ಕಾರ್ಡ್ ಆರಿಸಿ.

ವರ್ಷಕ್ಕೊಮ್ಮೆ ನೀರು ಬಸಿದು ಬದಲಿಸುವುದು, ರೇಡಿಯೇಟರ್ ಧೂಳು ತೆಗೆಯುವುದು ಇದ್ದದ್ದೇ. ಆಯುಧ ಪೂಜೆಗೆ ಹೇಗೂ ಯಂತ್ರಗಳನ್ನೆಲ್ಲ ಒರೆಸುತ್ತೇವೆ, ಅದಕ್ಕೇ ಇಟ್ಟುಕೊಂಡರೆ ಮರೆಯುವುದಿಲ್ಲ. ಕುಂಕುಮ ಕೇಸಿನ ಮೇಲೆ ಸಾಕು, ಫ್ಯಾನ್ ಎಳೆದುಕೊಳ್ಳುವ ಜಾಲರಿಯ ಮೇಲೆ ಬೇಡ. ಬಾಡಿಗೆ ಮನೆಯವರು ಇನ್ನೊಂದು ಯೋಚಿಸಿ: ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದು ಮನೆ ಬದಲಿಸಿದಾಗೆಲ್ಲ ಈ ಗಾಜಿನ ಪೆಟ್ಟಿಗೆಯ ನೀರು ಖಾಲಿ ಮಾಡಿ, ಸಾಗಿಸಿ, ಮತ್ತೆ ತುಂಬಬೇಕು.

ಯಾವ ದಾರಿ ಹಿಡಿದರೂ ತಪ್ಪದ ಖರ್ಚು

5090ಗೆ ಎನ್ವಿಡಿಯಾ ಹೇಳುವುದು ಕನಿಷ್ಠ 1,000 ವ್ಯಾಟ್ ಪವರ್ ಸಪ್ಲೈ. ಎಟಿಎಕ್ಸ್ 3.1 ಅಂತ ಬರೆದಿರುವ, ಕಾರ್ಡಿನ 16 ಪಿನ್ ವಯರ್ ಜೊತೆಗೇ ಬರುವಂಥದ್ದನ್ನು ತಗೊಳ್ಳಿ. ಆ ಕನೆಕ್ಟರ್‌ನ ಮಿತಿ 600 ವ್ಯಾಟ್, ಕಾರ್ಡ್ ಎಳೆಯುವುದು 575. ಉಳಿಯುವ ಅಂತರ ತೀರಾ ಕಡಿಮೆ. ಕರಗಿಹೋದ ಕನೆಕ್ಟರ್‌ಗಳ ಸುದ್ದಿ 2022ರಲ್ಲಿ 4090 ಬಂದಾಗಿನಿಂದಲೂ ಇದೆ. ಪೂರ್ತಿ ಒಳಗೆ ಕೂತಿದೆಯಾ ಅಂತ ಟಾರ್ಚ್ ಹಿಡಿದು ನೋಡಿ, ಬುಡದಲ್ಲೇ ವಯರ್ ಬಗ್ಗಿಸಬೇಡಿ.

ಮನೆಯ ಹಳೆಯ 600 ವಿಎ ಯುಪಿಎಸ್ ಇದನ್ನು ಹೊರುವುದಿಲ್ಲ. 1,000 ವಿಎ ಅಂತ ಬರೆದದ್ದೂ ಎಷ್ಟೋ ಮಾಡೆಲ್‌ಗಳಲ್ಲಿ 600 ವ್ಯಾಟ್ ಅಷ್ಟೇ ಕೊಡುವುದು. ವಿಎ ಬಿಟ್ಟು ವ್ಯಾಟ್ ನೋಡಿ, ಪ್ಯೂರ್ ಸೈನ್ ವೇವ್ ಇರುವುದನ್ನೇ ಕೇಳಿ. ಕರೆಂಟ್ ಹೋದಾಗ ಪಂಪ್ ನಿಂತರೆ ಏನಾಗುತ್ತದೆ ಅನ್ನುವ ಭಯ ಮಾತ್ರ ಬೇಡ. ಪಂಪ್ ನಿಂತಾಗ ಕಾರ್ಡೂ ನಿಂತಿರುತ್ತದೆ.

ಕೊಳ್ಳುವ ಕ್ರಮ

ಕಸ್ಟಮ್ ಲೂಪೇ ಬೇಕು ಅಂತಿದ್ದರೂ ಮೊದಲ ದಿನವೇ ಕಾರ್ಡ್ ಬಿಚ್ಚಬೇಡಿ. ಕೇಸ್, ಪವರ್ ಸಪ್ಲೈ, ಅಗ್ಗದ ಗಾಳಿ ಕೂಲರ್ ಹಾಕಿ ಪಿಸಿ ಎಬ್ಬಿಸಿ. ಕಾರ್ಡ್ ಬಂದ ಹಾಗೇ ಎರಡು ವಾರ ಆಡಿ. ಕಾರ್ಡಿನಲ್ಲಿ ದೋಷ ಇದ್ದರೆ ಹೆಚ್ಚಾಗಿ ಆಗಲೇ ಕಾಣಿಸಿಕೊಳ್ಳುತ್ತದೆ, ಬದಲಿಸಿಕೊಳ್ಳುವುದೂ ಆಗ ಸುಲಭ.

ಆ ಎರಡು ವಾರದಲ್ಲಿ ಇನ್ನೊಂದು ಪರೀಕ್ಷೆ ಮಾಡಿ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಕಾರ್ಡಿನ ಪವರ್ ಲಿಮಿಟ್ ಶೇಕಡಾ 80ಕ್ಕೆ ಇಳಿಸಿ. 575 ವ್ಯಾಟ್ 460 ಆಗುತ್ತದೆ. ಫ್ರೇಮ್ ಇಳಿಯುವುದು ಅಷ್ಟು ಪ್ರಮಾಣದಲ್ಲಿ ಅಲ್ಲ, ಸ್ವಲ್ಪವೇ. ಫ್ಯಾನ್ ಸದ್ದು ಮಾತ್ರ ಥಟ್ಟನೆ ತಗ್ಗುತ್ತದೆ. ಅಷ್ಟು ಸದ್ದು ನಿಮಗೆ ಒಗ್ಗಿದರೆ ಲೂಪಿನ ದುಡ್ಡಿಗೆ ಒಳ್ಳೆಯ ಓಲೆಡ್ ಮಾನಿಟರ್ ಬರುತ್ತದೆ. ಒಗ್ಗದಿದ್ದರೆ ಕಾರ್ಡಿನ ಕಂಪನಿಗೆ ಇಮೇಲ್ ಬರೆದು, ಕೂಲರ್ ಬಿಚ್ಚಿದರೆ ವಾರಂಟಿ ಉಳಿಯುತ್ತದಾ ಅಂತ ಕೇಳಿ. ಉತ್ತರ ಲಿಖಿತವಾಗಿ ಕೈಗೆ ಬಂದ ಮೇಲೆ ಬ್ಲಾಕ್ ಆರ್ಡರ್ ಮಾಡಿ.